ಪುಟ ಯಾರ ಹೆಸರಿಗಿದೆ, ಯಾರ ಕೈಯಲ್ಲಿದೆ

ರಾಯಚೂರಿನ ನಮ್ಮ ಕಾಲೇಜಿನ ಲ್ಯಾಬಿನ ಯಂತ್ರಗಳಲ್ಲಿ 8 ಜಿಬಿ ಮೆಮೊರಿ ಇದೆ. ಲಿನಕ್ಸ್ ಕರ್ನಲ್ ಅದನ್ನು 4096 ಬೈಟಿನ ಪುಟಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಟ್ಟು ಸುಮಾರು 21 ಲಕ್ಷ ಪುಟ. ಪ್ರತಿ ಪುಟದ ಬಗ್ಗೆಯೂ 64 ಬೈಟಿನ ಒಂದು ದಾಖಲೆ. ಎಲ್ಲ ಕೂಡಿಸಿದರೆ 128 ಎಂಬಿ. ಅಷ್ಟು ಜಾಗ ಯಾವ ಪ್ರೋಗ್ರಾಮಿಗೂ ಸಿಗುವುದಿಲ್ಲ, ಲೆಕ್ಕದ ಪುಸ್ತಕಕ್ಕೇ ಸಲ್ಲುತ್ತದೆ. ಆ 64 ಬೈಟಿನೊಳಗೆ ನಾಲ್ಕು ಬೈಟಿನ ಒಂದು ಸಂಖ್ಯೆ ಕೂತಿದೆ. ಈ ಪುಟವನ್ನು ಈ ಗಳಿಗೆಯಲ್ಲಿ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂದು ಅದು ಹೇಳುತ್ತದೆ. ಹೆಸರು ರೆಫರೆನ್ಸ್ ಕೌಂಟ್. ಅದು ಸೊನ್ನೆಗೆ ಇಳಿದರೆ ಪುಟ ಖಾಲಿ, ಇನ್ನೊಬ್ಬರಿಗೆ ಕೊಡಬಹುದು. ಒಂದೇ ಒಂದು ಉಳಿದಿದ್ದರೂ ಕೊಡುವಂತಿಲ್ಲ.

ನಾನು ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವವಳು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಖ್ಯೆಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಆದರೆ ಒಂದೇ ಯಂತ್ರದೊಳಗೆ ಹತ್ತಾರು ವರ್ಚುವಲ್ ಮಷೀನುಗಳನ್ನು ಕೂರಿಸಿ, ಅವುಗಳ ನಡುವೆ ಮೆಮೊರಿ ಹಂಚಿ, ಬೇಕಾದಾಗ ಹಿಂದಕ್ಕೆ ಪಡೆಯುವ ಇಡೀ ಕಸುಬು ನಿಂತಿರುವುದು ಈ ಸಂಖ್ಯೆಯ ಮೇಲೆ. ಆ ಕಸುಬಿಗೆ ಅರವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ನಡುವೆ ಎರಡು ಅಧ್ಯಾಯ ಬೆಂಗಳೂರಿನಲ್ಲಿ ಬರೆದದ್ದು. ಅದನ್ನು ನಮ್ಮ ಭಾಗದ ಮಕ್ಕಳಿಗೆ ನಮ್ಮ ಮಾತಿನಲ್ಲಿ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ.

ಅವರಿಗೆ ಹೇಳುವಾಗ ನಾನು ಪಹಣಿಯಿಂದ ಶುರುಮಾಡುತ್ತೇನೆ. ದೇವದುರ್ಗ, ಮಾನ್ವಿ ಕಡೆಯಿಂದ ಬರುವ ಹುಡುಗ ಹುಡುಗಿಯರಲ್ಲಿ ಪಹಣಿ ನೋಡದವರು ಯಾರೂ ಇಲ್ಲ. ಕಲಂ 9ರಲ್ಲಿ ಹೊಲದ ಒಡೆಯನ ಹೆಸರು. ಕಲಂ 12ರಲ್ಲಿ ಸಾಗುವಳಿ ಮಾಡುವವನ ಹೆಸರು. ನಡುವಿನ ಕಲಂ 11ರಲ್ಲಿ ಹಕ್ಕು ಮತ್ತು ಋಣ. ಬೆಳೆಸಾಲ ತೆಗೆದರೆ ಬ್ಯಾಂಕಿನ ಬೋಜಾ ಅಲ್ಲಿ ಕೂರುತ್ತದೆ. ಒಡೆಯ ಬೇರೆ, ಉಳುವವನು ಬೇರೆ, ಹಿಡಿತ ಇಟ್ಟುಕೊಂಡವನು ಬೇರೆ ಎಂಬುದು ನಮ್ಮ ಭಾಗಕ್ಕೆ ಹೊಸದಲ್ಲ. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗಿನಿಂದ ಪಟ್ಟೆದಾರ, ಕೌಲುದಾರ ಎಂಬ ಮಾತುಗಳು ಇಲ್ಲಿ ಬಳಕೆಯಲ್ಲಿವೆ. 1950ರ ಹೈದರಾಬಾದ್ ಗೇಣಿ ಕಾಯಿದೆ ಕೆಲವು ಗೇಣಿದಾರರನ್ನು ‘ಸಂರಕ್ಷಿತ’ರೆಂದು ಗುರುತಿಸಿ, ಪಟ್ಟೆದಾರ ಬಯಸಿದ ಮಾತ್ರಕ್ಕೆ ಅವರನ್ನು ಬಿಡಿಸುವಂತಿಲ್ಲ ಎಂದಿತು. 2001ರಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ತಹಸೀಲ್ ಕಚೇರಿಯ ಕಿಟಕಿಯಲ್ಲೇ ಪ್ರತಿ ಸಿಗತೊಡಗಿತು.

ನಮ್ಮ ಹೊಲ ಗಬ್ಬೂರಿನ ಹತ್ತಿರ. ಅಪ್ಪ ಸಾಲ ತೀರಿಸಿ ಎಷ್ಟೋ ವರ್ಷವಾಗಿದ್ದರೂ ಕಲಂ 11ರ ಬೋಜಾ ಇಳಿದಿರಲಿಲ್ಲ. ಸಾಲ ಕೊಟ್ಟ ಶಾಖೆ ಇನ್ನೊಂದರ ಜೊತೆ ಸೇರಿಹೋಗಿತ್ತು, ಬೇಬಾಕಿ ಪತ್ರ ಬರೆದುಕೊಡಬೇಕಾದವರು ವರ್ಗವಾಗಿದ್ದರು. ಹಿಡಿದವರು ಇಲ್ಲ, ಹಿಡಿತ ಮಾತ್ರ ದಾಖಲೆಯಲ್ಲಿ ಉಳಿದಿದೆ. ಮುಂದೆ ಕರ್ನಲ್ ಕೋಡ್ ಓದುವಾಗ ಇದೇ ರೋಗವನ್ನು ನಾನು ಮತ್ತೆ ಮತ್ತೆ ಕಂಡೆ. ಯಾರೋ ಪುಟವನ್ನು ಹಿಡಿಯುವಾಗ ಒಂದು ಕೂಡಿಸಿದ್ದಾರೆ, ಬಿಡುವಾಗ ಒಂದು ಕಳೆಯುವುದನ್ನು ಮರೆತಿದ್ದಾರೆ, ಯಂತ್ರ ಆರಿಸುವವರೆಗೂ ಆ ಪುಟ ಯಾರಿಗೂ ಇಲ್ಲ. ಆದರೂ ಅಪ್ಪನಿಗೆ ಒಂದು ಅನುಕೂಲವಿತ್ತು. ಕಲಂ 11ರಲ್ಲಿ ಹೆಸರಿತ್ತು, ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಿತ್ತು. ಕರ್ನಲ್‌ನ ಆ ನಾಲ್ಕು ಬೈಟಿನಲ್ಲಿ ಹೆಸರಿಲ್ಲ, ಬರೀ ಸಂಖ್ಯೆಯಿದೆ. ನಾನು ಹೇಳಹೊರಟಿರುವ ಚರಿತ್ರೆಯ ಮುಖ್ಯ ಎಳೆ ಇದೇ: ಹೆಸರಿಲ್ಲದ ಎಣಿಕೆಯನ್ನು ನಂಬಿಕೊಂಡು ಕಟ್ಟಿದ ಕಸುಬು, ಆ ಎಣಿಕೆಗೆ ಹೆಸರು ಜೋಡಿಸಲು ಪಟ್ಟ ಪಾಡು.

ಪುಟದ ಬಗ್ಗೆ ಎರಡು ಲೆಕ್ಕಗಳು ಬೇರೆ ಬೇರೆ ಊರುಗಳಲ್ಲಿ ಹುಟ್ಟಿದವು. ಒಂದು, ಪುಟವನ್ನು ಇತ್ತೀಚೆಗೆ ಯಾರಾದರೂ ಮುಟ್ಟಿದರೇ ಎಂಬುದು. ಇನ್ನೊಂದು, ಪುಟವನ್ನು ಯಾರಾದರೂ ಹಿಡಿದಿದ್ದಾರೆಯೇ ಎಂಬುದು. ಮುಟ್ಟಿದ ಲೆಕ್ಕ ಇಂಗ್ಲೆಂಡಿನ ಮ್ಯಾಂಚೆಸ್ಟರಿನದು. 1962ರಲ್ಲಿ ಅಲ್ಲಿ ಚಾಲೂ ಆದ ಅಟ್ಲಾಸ್ ಯಂತ್ರದಲ್ಲಿ 512 ಪದಗಳ ಪುಟಗಳಿದ್ದವು, ಅಂಥ 32 ಪುಟಕ್ಕೆ ಮುಖ್ಯ ಮೆಮೊರಿಯಲ್ಲಿ ಜಾಗ. ಮಿಕ್ಕದ್ದೆಲ್ಲ ತಿರುಗುವ ಡ್ರಮ್ಮಿನ ಮೇಲೆ. ಹೊಸ ಪುಟ ಬೇಕಾದಾಗ ಹಳೆಯದೊಂದನ್ನು ಹೊರಗೆ ಹಾಕಬೇಕು. ಯಾವುದನ್ನು? ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಪ್ರತಿ ಪುಟಕ್ಕೂ ಒಂದು ಗುರುತು ಕೊಟ್ಟರು. ಪುಟ ಬಳಕೆಯಾದರೆ ಯಂತ್ರವೇ ಗುರುತು ಹಾಕುತ್ತದೆ. ಆಗಾಗ ಆ ಗುರುತುಗಳನ್ನು ಓದಿ, ಅಳಿಸಿ, ಯಾವ ಪುಟ ಎಷ್ಟು ಕಾಲದಿಂದ ಸುಮ್ಮನೆ ಬಿದ್ದಿದೆ ಎಂದು ಅಂದಾಜು ಮಾಡುವ ಪ್ರೋಗ್ರಾಮನ್ನು ಬರೆದರು. ಇಂದಿನ ಬಹುಪಾಲು ಪ್ರೊಸೆಸರುಗಳಲ್ಲಿರುವ ರೆಫರೆನ್ಸ್ ಬಿಟ್‌ನ ಅಜ್ಜ ಅದು. 1968ರಲ್ಲಿ ಪೀಟರ್ ಡೆನ್ನಿಂಗ್ ಬರೆದ ವರ್ಕಿಂಗ್ ಸೆಟ್ ಸಿದ್ಧಾಂತ ಬೆಳೆದದ್ದು ಇದೇ ಯೋಚನೆಯ ಮೇಲೆ.

ಹಿಡಿದ ಲೆಕ್ಕ ಅಟ್ಲಾಸ್‌ಗಿಂತ ಎರಡು ವರ್ಷ ಮೊದಲಿನದು. 1960ರಲ್ಲಿ ಜಾರ್ಜ್ ಕಾಲಿನ್ಸ್ ಎಂಬ ಗಣಿತಜ್ಞ, ಒಂದೇ ಪಟ್ಟಿಯನ್ನು ಹಲವು ಪಟ್ಟಿಗಳು ಹಂಚಿಕೊಂಡಾಗ ಅದನ್ನು ಯಾವಾಗ ಅಳಿಸಬಹುದು ಎಂಬ ಪ್ರಶ್ನೆ ಎತ್ತಿಕೊಂಡ. ಹಂಚಿಕೊಂಡವರ ಸಂಖ್ಯೆಯನ್ನು ಪಟ್ಟಿಯ ಜೊತೆಗೇ ಬರೆದಿಡು, ಸೊನ್ನೆಯಾದಾಗ ಅಳಿಸು ಎಂದ. ಕಾಲಿನ್ಸ್ ಮೆಮೊರಿ ಪುಟಗಳ ಬಗ್ಗೆ ಯೋಚಿಸಿರಲಿಲ್ಲ, ಬೀಜಗಣಿತದ ಸೂತ್ರಗಳ ಬಗ್ಗೆ ಯೋಚಿಸಿದ್ದ. ಆದರೂ ಇಂದು ರಾಯಚೂರಿನ ಲ್ಯಾಬಿನ 21 ಲಕ್ಷ ದಾಖಲೆಗಳಲ್ಲಿ ಪ್ರತಿಯೊಂದರಲ್ಲೂ ಆತನ ಉಪಾಯವಿದೆ.

ವರ್ಚುವಲ್ ಮಷೀನ್ ಬಂದಮೇಲೆ ಈ ಎರಡೂ ಲೆಕ್ಕಗಳು ಜಟಿಲವಾದವು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ 1967ರ ಹೊತ್ತಿಗೆ ಸಿಪಿ-40, ಅದರ ಹಿಂದೆಯೇ ಸಿಪಿ-67, ಕೊನೆಗೆ 1972ರ ಆಗಸ್ಟ್‌ನಲ್ಲಿ ವಿಎಂ/370 ಬಂತು. ಒಂದು ದೊಡ್ಡ ಯಂತ್ರದೊಳಗೆ ಪ್ರತಿ ಬಳಕೆದಾರನಿಗೂ ತನ್ನದೇ ಯಂತ್ರವಿದೆ ಎನ್ನಿಸುವಂತೆ ನಡೆಸುವ ವ್ಯವಸ್ಥೆ. ಮೇಲೆ ಕೂತು ನಡೆಸುವುದು ಹೈಪರ್‌ವೈಸರ್, ಒಳಗೆ ನಡೆಯುವುದು ಗೆಸ್ಟ್. ಗೆಸ್ಟ್ ಕೂಡ ಪೂರ್ತಿ ಆಪರೇಟಿಂಗ್ ಸಿಸ್ಟಮೇ; ತನ್ನ ಪುಟಗಳಲ್ಲಿ ಯಾವುದನ್ನು ಮುಟ್ಟಿದ್ದಾರೆ ಎಂದು ಅದಕ್ಕೂ ತಿಳಿಯಬೇಕು. ಹೈಪರ್‌ವೈಸರಿಗೂ ತಿಳಿಯಬೇಕು. ಯಂತ್ರದಲ್ಲಿರುವುದು ಮಾತ್ರ ಪುಟಕ್ಕೊಂದೇ ಗುರುತು. ಹೈಪರ್‌ವೈಸರ್ ತನ್ನ ಲೆಕ್ಕಕ್ಕೆಂದು ಗುರುತು ಅಳಿಸಿದರೆ ಗೆಸ್ಟಿನ ಲೆಕ್ಕ ಕೆಡುತ್ತದೆ. ಹಾಗಾಗಿ ಅಳಿಸುವ ಮುಂಚೆ ಗೆಸ್ಟಿನ ಪಾಲಿನ ಗುರುತನ್ನು ತನ್ನ ಕೋಷ್ಟಕದಲ್ಲಿ ನಕಲು ಮಾಡಿಟ್ಟು, ಗೆಸ್ಟ್ ಕೇಳಿದಾಗ ಎರಡನ್ನೂ ಸೇರಿಸಿ ಉತ್ತರ ಕೊಡುವ ಕ್ರಮ ಬಂತು. ಒಂದೇ ಪುಟಕ್ಕೆ ಎರಡು ಹಂತದ ಲೆಕ್ಕ ಬೇಕೆಂದು ಈ ಕಸುಬು ಕಲಿತದ್ದು ಅಲ್ಲಿ.

ಆ ಯಂತ್ರಗಳು ನಮ್ಮವರ ಕೈಗೆ ಸುಲಭವಾಗಿ ಸಿಗುವಂತಿರಲಿಲ್ಲ. 1978ರಲ್ಲಿ ಐಬಿಎಂ ಭಾರತವನ್ನೇ ಬಿಟ್ಟುಹೋಯಿತು, ಟಾಟಾ ಜೊತೆಗೂಡಿ ಮರಳಿದ್ದು 1992ರಲ್ಲಿ. ಆ ನಡುವೆ ಹೊರಗಿನ ಜಗತ್ತಿನಲ್ಲಿ ಸಣ್ಣ ಯಂತ್ರಗಳ ಕಾಲ ಬಂದಿತ್ತು. ಅವುಗಳಲ್ಲಿ ಹೆಸರುವಾಸಿಯಾದ ವ್ಯಾಕ್ಸ್ ಯಂತ್ರಕ್ಕೆ ರೆಫರೆನ್ಸ್ ಬಿಟ್ಟೇ ಇರಲಿಲ್ಲ! ಬರ್ಕ್ಲಿಯಲ್ಲಿ ಓಜಾಲ್ಪ್ ಬಾಬಾಓಲು ಮತ್ತು ಬಿಲ್ ಜಾಯ್ ಸೇರಿ ಅದಕ್ಕೆ ದಾರಿ ಹುಡುಕಿದರು. ಪುಟ ಮೆಮೊರಿಯಲ್ಲೇ ಇದ್ದರೂ, ಪ್ರೋಗ್ರಾಮಿನ ಪುಟಗಳು ಎಲ್ಲಿವೆ ಎಂದು ಯಂತ್ರ ನೋಡುವ ಕೋಷ್ಟಕದಲ್ಲಿ ಇಲ್ಲವೆಂದು ಬರೆದುಬಿಡುವುದು. ಪ್ರೋಗ್ರಾಮು ಆ ಪುಟವನ್ನು ಮುಟ್ಟಿದ ಕೂಡಲೇ ಯಂತ್ರ ದೂರು ಕೊಡುತ್ತದೆ. ದೂರು ಬಂದರೆ ಮುಟ್ಟಿದರೆಂದು ಅರ್ಥ, ಗುರುತು ಹಾಕಿಕೊಂಡು ಪುಟ ಇದೆಯೆಂದು ತಿದ್ದಿಬಿಡುವುದು. 1981ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಯಂತ್ರ ಕೊಡದ ಮಾಹಿತಿಯನ್ನು ಬಾಗಿಲು ಹಾಕಿ ಕಾದು ಪಡೆಯುವ ಈ ಉಪಾಯ ನನಗೆ ಇಡೀ ಚರಿತ್ರೆಯಲ್ಲೇ ಬಹಳ ಇಷ್ಟ. ಮುಂದೆ ವರ್ಚುವಲ್ ಮಷೀನುಗಳಲ್ಲಿ ಇದನ್ನೇ ನೂರು ಬಗೆಯಲ್ಲಿ ಬಳಸಿದರು.

1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಡುವಾರ್ ಬುನ್ಯೋ, ಸ್ಕಾಟ್ ಡಿವೈನ್, ಮೆಂಡೆಲ್ ರೋಸೆನ್‌ಬ್ಲಮ್ ‘ಡಿಸ್ಕೋ’ ಎಂಬ ಹೈಪರ್‌ವೈಸರ್ ಬರೆದು, ಹಲವು ಗೆಸ್ಟ್‌ಗಳು ಒಂದೇ ಡಿಸ್ಕಿನಿಂದ ಓದಿದ ಪುಟವನ್ನು ಒಂದೇ ಪ್ರತಿಯಾಗಿ ಇಡಬಹುದೆಂದು ತೋರಿಸಿದರು. ಯಾವ ನಿಜವಾದ ಪುಟವನ್ನು ಯಾವ ಯಾವ ಗೆಸ್ಟ್ ಎಲ್ಲೆಲ್ಲಿಂದ ನೋಡುತ್ತಿದೆ ಎಂದು ಹಿಂದುಮುಂದಾಗಿ ಹುಡುಕುವ ಕೋಷ್ಟಕ ಅದರಲ್ಲಿತ್ತು. ಹೆಸರು ಜೋಡಿಸುವ ಕೆಲಸ ಅಲ್ಲೇ ಶುರುವಾಗಿತ್ತು ಎನ್ನಬೇಕು. ವಿಎಂವೇರ್ ಕಂಪನಿ ಕಟ್ಟಿದವರಲ್ಲಿ ಈ ಮೂವರೂ ಇದ್ದರು.

ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ಬರೆದ ಪ್ರಬಂಧವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪುಟ ಎಲ್ಲಿಂದ ಬಂತೆಂದು ಆತ ಕೇಳಲಿಲ್ಲ, ಪುಟದಲ್ಲಿ ಏನಿದೆ ಎಂದು ಕೇಳಿದ. ಪುಟದ ಒಳಗಿನ ಬರಹಕ್ಕೆ ಒಂದು ಹ್ಯಾಶ್ ಸಂಖ್ಯೆ ಕಟ್ಟಿ, ಅದೇ ಸಂಖ್ಯೆಯ ಇನ್ನೊಂದು ಪುಟ ಸಿಕ್ಕರೆ ಬೈಟ್ ಬೈಟಾಗಿ ಹೋಲಿಸಿ, ಒಂದೇ ಆಗಿದ್ದರೆ ಎರಡನ್ನೂ ಒಂದು ಮಾಡಿ, ಹಂಚಿಕೊಂಡವರ ಎಣಿಕೆಯನ್ನು ಏರಿಸುವುದು. ಯಾರಾದರೂ ಅದರ ಮೇಲೆ ಬರೆಯಹೊರಟರೆ ಆಗ ಅವರಿಗೆ ಬೇರೆ ಪ್ರತಿ ಮಾಡಿಕೊಟ್ಟು ಎಣಿಕೆ ಇಳಿಸುವುದು. ಈ ಎಣಿಕೆಗೆ ಆತ ಕೊಟ್ಟ ಜಾಗ ಬರೀ 16 ಬಿಟ್, ಅಂದರೆ 65,535ರವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಮಂದಿ ಹಂಚಿಕೊಳ್ಳುವ ಪುಟ ಇರುತ್ತದೆಯೇ? ಇರುತ್ತದೆ, ಬರೀ ಸೊನ್ನೆ ತುಂಬಿದ ಪುಟ. ಹೊಸದಾಗಿ ಎದ್ದ ಗೆಸ್ಟಿನ ಮೆಮೊರಿಯಲ್ಲಿ ಬಹುಪಾಲು ಅದೇ. ಅಂಥ ಪುಟಗಳಿಗೆ ಬೇರೆ ಒಂದು ಕೋಷ್ಟಕ ಇಟ್ಟ. ಎಣಿಕೆ ತುಂಬಿ ಹರಿದರೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿ ಜಾಗ ಮಾಡಿಟ್ಟವನು ಆತ. ನಿಜವಾಗಿ ಕೆಲಸದಲ್ಲಿದ್ದ ವಿಂಡೋಸ್ ಸರ್ವರುಗಳ ಒಂದು ಗುಂಪಿನಲ್ಲಿ ಈ ಹಂಚಿಕೆಯಿಂದ ಮೂರನೇ ಒಂದು ಪಾಲು ಮೆಮೊರಿ ಉಳಿಯಿತು.

ಲಿನಕ್ಸಿಗೆ ವರ್ಚುವಲ್ ಮಷೀನ್ ಮನೆಮಾತಾದದ್ದು ಕೆವಿಎಂ ಬಂದಮೇಲೆ. ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಅವಿ ಕಿವಿಟಿ 2006ರಲ್ಲಿ ಅದನ್ನು ಹೊರತಂದ. 2007ರ ಫೆಬ್ರವರಿಯಲ್ಲಿ 2.6.20 ಆವೃತ್ತಿಯ ಜೊತೆ ಕರ್ನಲ್‌ನೊಳಕ್ಕೆ ಸೇರಿತು. ಅದರಲ್ಲಿ ಗೆಸ್ಟ್ ಎಂದರೆ ಹೋಸ್ಟಿನ, ಅಂದರೆ ಗೆಸ್ಟನ್ನು ನಡೆಸುವ ಹೊರಗಿನ ಲಿನಕ್ಸಿನ, ಮತ್ತೊಂದು ಪ್ರೋಗ್ರಾಮು, ಅಷ್ಟೇ. ಮೊದಲ ದಿನಗಳಲ್ಲಿ ಗೆಸ್ಟ್ ಬಳಸುತ್ತಿದ್ದ ಪುಟಗಳ ಎಣಿಕೆಯನ್ನು ಕೆವಿಎಂ ಒಂದೊಂದು ಏರಿಸಿ ಹಿಡಿದುಕೊಳ್ಳುತ್ತಿತ್ತು. ಹೋಸ್ಟಿಗೆ ಮೆಮೊರಿ ಸಾಲದೆ ಬಂದರೂ ಆ ಪುಟಗಳನ್ನು ಡಿಸ್ಕಿಗೆ ಕಳಿಸುವಂತಿಲ್ಲ, ಕೆವಿಎಂನ ಬೋಜಾ ಅಲ್ಲಿ ಕೂತಿದೆ.

2008ರ ಅಕ್ಟೋಬರ್‌ನ 2.6.27 ಆವೃತ್ತಿಯಲ್ಲಿ ಆಂಡ್ರಿಯಾ ಆರ್ಕಾಂಜೆಲಿಯ ಎಂಎಂಯು ನೋಟಿಫೈಯರ್ ಸೇರಿತು. ನಾನು ತಿಳಿದ ಹಾಗೆ ಈ ಇಡೀ ಚರಿತ್ರೆಯ ದೊಡ್ಡ ತಿರುವು ಅದು. ಕೆವಿಎಂ ಇನ್ನು ಮುಂದೆ ಪುಟವನ್ನು ಹಿಡಿದುಕೊಂಡೇ ಇರಬೇಕಿಲ್ಲ. ಹೋಸ್ಟ್ ಪುಟವನ್ನು ಹಿಂದಕ್ಕೆ ಪಡೆಯುವ ಮುಂಚೆ ಕೆವಿಎಂಗೆ ಹೇಳಿಕಳಿಸುತ್ತದೆ, ಹೇಳಿದ ಕೂಡಲೇ ಕೆವಿಎಂ ತನ್ನ ಕೋಷ್ಟಕದಿಂದ ಆ ಪುಟದ ದಾರಿ ಅಳಿಸಿ ಬಿಟ್ಟುಕೊಡುತ್ತದೆ. ಎಣಿಕೆಯ ಜಾಗದಲ್ಲಿ ನೋಟಿಸು ಬಂತು. ಯಾರಿಗೆ ಹೇಳಬೇಕೆಂದು ಗೊತ್ತಿದ್ದರಷ್ಟೇ ನೋಟಿಸು ಕೊಡಲಾಗುತ್ತದೆ, ಅಂದರೆ ಇಲ್ಲಿ ಹೆಸರು ಬರೆದಿಟ್ಟಿರಲೇಬೇಕು. ಮರುವರ್ಷ ಡಿಸೆಂಬರ್‌ನಲ್ಲಿ, 2.6.32ರ ಜೊತೆ, ಒಂದೇ ಬಗೆಯ ಪುಟಗಳನ್ನು ಹುಡುಕಿ ಒಂದು ಮಾಡುವ ಕೆಎಸ್‌ಎಂ ಬಂತು. 16 ಜಿಬಿಯ ಒಂದು ಯಂತ್ರದಲ್ಲಿ ತಲಾ 1 ಜಿಬಿಯ 52 ವಿಂಡೋಸ್ ಎಕ್ಸ್‌ಪಿ ಗೆಸ್ಟ್‌ಗಳನ್ನು ಅದರಿಂದ ನಡೆಸಿ ತೋರಿಸಿದರು.

ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಇತ್ತು. ಅಲ್ಲಿದ್ದ ಬಲಬೀರ್ ಸಿಂಗ್ ಮುಂದೆ ನಿಂತು ಬರೆದ ಮೆಮೊರಿ ಕಂಟ್ರೋಲರ್ 2008ರ ಏಪ್ರಿಲ್‌ನಲ್ಲಿ 2.6.25ರೊಳಕ್ಕೆ ಹೋಯಿತು. ಇಂತಿಷ್ಟು ಪ್ರೋಗ್ರಾಮುಗಳ ಗುಂಪಿಗೆ ಇಂತಿಷ್ಟೇ ಮೆಮೊರಿ ಎಂದು ಗೆರೆ ಎಳೆಯುವ ಸಾಧನ. ಗೆರೆ ಎಳೆಯಬೇಕಾದರೆ ಯಾವ ಪುಟ ಯಾರ ಲೆಕ್ಕಕ್ಕೆ ಎಂದು ಬರೆಯಬೇಕು. ಎರಡು ಗುಂಪು ಹಂಚಿಕೊಂಡ ಪುಟವನ್ನು ಯಾರ ಹೆಸರಿಗೆ ಹಾಕುವುದು? ಅರ್ಧರ್ಧ ಹಂಚಲು ಹೊರಟರೆ ಪ್ರತಿ ಸಲ ಯಾರೋ ಬಂದಾಗ ಹೋದಾಗ ಎಲ್ಲರ ಲೆಕ್ಕ ತಿದ್ದಬೇಕು, ಯಂತ್ರ ಅದರಲ್ಲೇ ಸುಸ್ತಾಗುತ್ತದೆ. ಅವರು ಆರಿಸಿಕೊಂಡ ನಿಯಮ ಸರಳ: ಮೊದಲು ಮುಟ್ಟಿದವರ ಲೆಕ್ಕಕ್ಕೆ. ಇದು ಪೂರ್ತಿ ನ್ಯಾಯವಲ್ಲ, ಅವರಿಗೂ ಅದು ಗೊತ್ತಿತ್ತು. ಆದರೆ ಪುಟದ ದಾಖಲೆಯ ಪಕ್ಕದಲ್ಲಿ ಒಂದು ಹೆಸರು ಕೂತಿತು. ಇಂದು ಕಂಟೇನರುಗಳೆಂದು ಕರೆಯುವ ಎಲ್ಲದರ ಮೆಮೊರಿ ಮಿತಿ ನಡೆಯುವುದು ಅದರಿಂದಲೇ. ಕೆವಿಎಂ ಗೆಸ್ಟ್ ಕೂಡ ಹೋಸ್ಟಿಗೆ ಒಂದು ಪ್ರೋಗ್ರಾಮೇ ಆದ್ದರಿಂದ ಅದನ್ನೂ ಹೀಗೆಯೇ ಅಳೆಯಬಹುದು.

ಎರಡನೆಯ ಬೆಂಗಳೂರು ಅಧ್ಯಾಯ ಇನ್ನೂ ಹತ್ತಿರದ್ದು. ಐಬಿಎಂನ ಭರತ ಬಿ. ರಾವ್ 2018–19ರಲ್ಲಿ ಬರೆದು, 2020ರ ಜನವರಿಯ 5.5 ಆವೃತ್ತಿಯಲ್ಲಿ ಹೊರಬಂದ ಕೆಲಸ ಅದು. ಐಬಿಎಂನ ಪವರ್ ಯಂತ್ರಗಳಲ್ಲಿ ಗೆಸ್ಟ್ ತನ್ನ ಪುಟಗಳನ್ನು ಹೈಪರ್‌ವೈಸರಿನ ಕಣ್ಣಿಗೂ ಬೀಳದ ಹಾಗೆ ಬಚ್ಚಿಡಬಹುದು. ಅಲ್ಟ್ರಾವೈಸರ್ ಎಂಬ ಇನ್ನೂ ಮೇಲಿನ ಕಾವಲುಗಾರ ಅವನ್ನು ಕಾಯುತ್ತಾನೆ. ಆದರೆ ಡಿಸ್ಕಿನಿಂದ ಓದಬೇಕು, ನೆಟ್‌ವರ್ಕಿಗೆ ಕಳಿಸಬೇಕು ಎಂದರೆ ಒಂದಿಷ್ಟು ಪುಟಗಳನ್ನು ಹೈಪರ್‌ವೈಸರಿನ ಜೊತೆ ಹಂಚಿಕೊಳ್ಳಲೇಬೇಕು. ಹಾಗಾಗಿ ಗೆಸ್ಟಿನ ಪ್ರತಿ ಪುಟಕ್ಕೂ ಅದು ಬಚ್ಚಿಟ್ಟದ್ದೋ, ಹಂಚಿಕೊಂಡದ್ದೋ, ಮಾಮೂಲಿನದ್ದೋ ಎಂದು ಗೊತ್ತಿರಬೇಕು. ಬಚ್ಚಿಟ್ಟ ಪುಟವನ್ನು ಹೋಸ್ಟ್ ಓದಲಾರದು, ಆದರೂ ಅದರ ಪುಸ್ತಕದಲ್ಲಿ ಆ ಪುಟಕ್ಕೆ ಪ್ರತಿನಿಧಿಯಾಗಿ ಒಂದು ದಾಖಲೆ ಇರುತ್ತದೆ. ಆ ದಾಖಲೆಯ ಎಣಿಕೆ ಇಳಿದುಹೋದಾಗ ಬಚ್ಚಿಟ್ಟ ಜಾಗ ಖಾಲಿಯಾಯಿತೆಂದು ಅರ್ಥ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳದೆ ಮುಂದೆ ಹೋಗಲಾರೆ. ಆಗ ಇಂಥ ವಿಶೇಷ ಪುಟಗಳ ಎಣಿಕೆ ಸೊನ್ನೆಗೆ ಇಳಿದಾಗ ಅಲ್ಲ, ಒಂದಕ್ಕೆ ಇಳಿದಾಗ ಖಾಲಿ ಎಂದು ಲೆಕ್ಕ. ಸಾಧನಗಳ ಮೆಮೊರಿಯನ್ನು ಕರ್ನಲ್‌ಗೆ ಸೇರಿಸಿದಾಗ ಯಾವುದೋ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅದು. ಅದರಿಂದ ಪುಟ ಬಿಡುವ ಪ್ರತಿ ಕಡೆಯೂ ‘ಇದು ಮಾಮೂಲಿ ಪುಟವೋ, ವಿಶೇಷ ಪುಟವೋ’ ಎಂದು ವಿಚಾರಿಸಬೇಕಾಗಿತ್ತು. 2022ರಲ್ಲಿ ಕ್ರಿಸ್ಟೋಫ್ ಹೆಲ್‌ವಿಗ್ ಆ ಹೆಚ್ಚುವರಿ ಒಂದನ್ನು ತೆಗೆದುಹಾಕಿ ಇಂಥ ಪುಟಗಳಿಗೂ ಸೊನ್ನೆಯನ್ನೇ ನಿಯಮ ಮಾಡಿದ. ಒಂದು ಅಂಕಿಯ ವ್ಯತ್ಯಾಸಕ್ಕೆ ಎಷ್ಟೆಲ್ಲ ಕಡತಗಳನ್ನು ಮುಟ್ಟಬೇಕಾಯಿತು ಎಂದು ವಿದ್ಯಾರ್ಥಿಗಳಿಗೆ ಆ ತಿದ್ದುಪಡಿಯನ್ನು ತೆರೆದು ತೋರಿಸುತ್ತೇನೆ. ಬೆಂಗಳೂರಿನಲ್ಲಿ ಬರೆದ ಕಡತವೂ ಅದರಲ್ಲಿದೆ.

ಎಣಿಕೆ ತಪ್ಪಿದರೆ ಆಗುವ ಅನಾಹುತಗಳೂ ಇದೇ ಚರಿತ್ರೆಗೆ ಸೇರಿದವು. 2019ರಲ್ಲಿ ಗೂಗಲ್‌ನ ಯಾನ್ ಹಾರ್ನ್, ಲಿನಕ್ಸಿನ ಆ ನಾಲ್ಕು ಬೈಟಿನ ಎಣಿಕೆಯೂ ತುಂಬಿ ಹರಿಯಬಲ್ಲದು ಎಂದು ತೋರಿಸಿದ. ಸಾಕಷ್ಟು ದೊಡ್ಡ ಮೆಮೊರಿಯ ಯಂತ್ರದಲ್ಲಿ ಒಂದೇ ಪುಟವನ್ನು ಕೋಟಿಗಟ್ಟಲೆ ಸಲ ಹಿಡಿಯುತ್ತ ಹೋದರೆ ಸಂಖ್ಯೆ ಸುತ್ತಿ ಮತ್ತೆ ಸೊನ್ನೆಗೆ ಬರುತ್ತದೆ. ಎಲ್ಲರ ಕೈಯಲ್ಲೂ ಇರುವ ಪುಟ ಯಾರದ್ದೂ ಅಲ್ಲವೆಂದು ಬೇರೆಯವರಿಗೆ ಹೋಗುತ್ತದೆ. ವಾಲ್ಡ್‌ಸ್ಪರ್ಗರ್ 2002ರಲ್ಲೇ ಜಾಗ ಮಾಡಿಟ್ಟಿದ್ದ ಸಮಸ್ಯೆ ಅದು. ಎಣಿಕೆ ಮಿತಿಮೀರಿ ಏರಿದರೆ ಹೊಸಬರಿಗೆ ಹಿಡಿಯಲು ಕೊಡದ ಕಾವಲು 5.1 ಆವೃತ್ತಿಯಲ್ಲಿ ಬಂತು. ಮರುವರ್ಷ ಆತನೇ ಇನ್ನೊಂದು ತೋರಿಸಿದ. ತಾಯಿ ಮತ್ತು ಮಗು ಪ್ರೋಗ್ರಾಮುಗಳು ಒಂದು ಪುಟ ಹಂಚಿಕೊಂಡಿವೆ. ಮಗು ತನ್ನ ಕೋಷ್ಟಕದಿಂದ ಪುಟವನ್ನು ತೆಗೆಯುತ್ತದೆ, ಆದರೆ ಇನ್ನೊಂದು ದಾರಿಯಿಂದ ಹಿಡಿದೇ ಇರುತ್ತದೆ. ಕರ್ನಲ್ ಕೋಷ್ಟಕಗಳನ್ನಷ್ಟೇ ಎಣಿಸಿ, ತಾಯಿ ಒಬ್ಬಳೇ ಉಳಿದಿದ್ದಾಳೆಂದು ಅದೇ ಪುಟದ ಮೇಲೆ ಬರೆಯಲು ಬಿಡುತ್ತದೆ. ತಾಯಿ ಬರೆದ ಗುಟ್ಟನ್ನು ಮಗು ಓದುತ್ತದೆ. ಕೋಷ್ಟಕಗಳ ಎಣಿಕೆ ಒಂದು, ಒಟ್ಟು ಹಿಡಿತದ ಎಣಿಕೆ ಇನ್ನೊಂದು. ಯಾವುದನ್ನು ನಂಬಬೇಕೆಂಬ ಜಗಳ ಎರಡು ವರ್ಷ ನಡೆದು, 2022ರಲ್ಲಿ ಡೇವಿಡ್ ಹಿಲ್ಡೆನ್‌ಬ್ರಾಂಡ್ ‘ಈ ಪುಟ ಒಬ್ಬರದ್ದೇ’ ಎಂದು ಹೇಳುವ ಪ್ರತ್ಯೇಕ ಗುರುತನ್ನು ಸೇರಿಸಿದ ಮೇಲೆ ತಣ್ಣಗಾಯಿತು.

ಸಾಧನಗಳು ಗೆಸ್ಟಿನ ಪುಟಗಳಿಗೆ ನೇರವಾಗಿ ಬರೆಯುವಾಗ ಎಂಎಂಯು ನೋಟಿಫೈಯರ್‌ನ ನೋಟಿಸು ಕೆಲಸಕ್ಕೆ ಬಾರದು. ನೆಟ್‌ವರ್ಕ್ ಕಾರ್ಡನ್ನು ಅರ್ಧದಲ್ಲಿ ನಿಲ್ಲಿಸಿ ಪುಟ ಕಿತ್ತುಕೊಳ್ಳಲಾಗುವುದಿಲ್ಲ, ಪುಟವನ್ನು ಗಟ್ಟಿಯಾಗಿ ಹಿಡಿದಿಡಲೇಬೇಕು. ಈ ಗಟ್ಟಿ ಹಿಡಿತವನ್ನು ಮಾಮೂಲಿ ಹಿಡಿತದಿಂದ ಗುರುತಿಸಲು 2020ರಲ್ಲಿ ಜಾನ್ ಹಬ್ಬರ್ಡ್ ತಂದ ಉಪಾಯ ಇಷ್ಟು: ಗಟ್ಟಿಯಾಗಿ ಹಿಡಿಯುವವರು ಎಣಿಕೆಗೆ 1 ಕೂಡಿಸುವ ಬದಲು 1024 ಕೂಡಿಸಬೇಕು. ಎಣಿಕೆ 1024 ದಾಟಿದ್ದರೆ ಯಾವುದೋ ಸಾಧನ ಹಿಡಿದಿರಬಹುದೆಂದು ಊಹೆ. ‘ಇರಬಹುದು’ ಎಂದೇ ಹೇಳಬೇಕು, ಏಕೆಂದರೆ ಸಾವಿರದ ಇಪ್ಪತ್ನಾಲ್ಕು ಮಂದಿ ಮಾಮೂಲಿಯಾಗಿ ಹಿಡಿದರೂ ಸಂಖ್ಯೆ ಅಷ್ಟೇ. 64 ಬೈಟಿನ ದಾಖಲೆಯಲ್ಲಿ ಇನ್ನೊಂದು ಕಲಂ ಸೇರಿಸಲು ಜಾಗವಿರಲಿಲ್ಲ, ಇದ್ದ ಒಂದೇ ಸಂಖ್ಯೆಯೊಳಗೆ ಎರಡು ಲೆಕ್ಕ ತುರುಕಿದರು.

ಕಳೆದ ವರ್ಷ ಮಾನ್ವಿ ಕಡೆಯ ಒಬ್ಬ ಹುಡುಗ ಲ್ಯಾಬಿನಲ್ಲಿ ಎರಡು ಸಣ್ಣ ಗೆಸ್ಟ್‌ಗಳನ್ನು ನಡೆಸಿ ಕೆಎಸ್‌ಎಂ ಹಚ್ಚಿದ್ದ. ಎರಡೂ ಗೆಸ್ಟಿನಲ್ಲಿ ಒಂದೇ ಲಿನಕ್ಸ್, ಹಂಚಿಕೊಂಡ ಪುಟಗಳ ಅಂಕಿ ನೋಡನೋಡುತ್ತ ಏರಿತು. ಒಂದು ಗೆಸ್ಟ್ ಬಂದ್ ಮಾಡಿದ. ಅಂಕಿ ಇಳಿಯಿತು. ಆದರೆ ಅವನು ಕಣ್ಣಿಟ್ಟಿದ್ದ ಒಂದು ಪುಟದ ಎಣಿಕೆ ಅವನ ಲೆಕ್ಕಕ್ಕಿಂತ ಒಂದು ಹೆಚ್ಚೇ ಇತ್ತು.

“ಮೇಡಂ, ಗೆಸ್ಟ್ ಬಂದ್ ಆತಲ್ರಿ, ಮತ್ತ ಈ ಪುಟ ಯಾರ ಹಿಡ್ಕೊಂಡಾರ್ರಿ?”

“ಎಷ್ಟು ಮಂದಿ ಅಂತ ಹೇಳ್ತದಪ್ಪ, ಯಾರು ಅಂತ ಹೇಳಂಗಿಲ್ಲ. ಯಾರು ಅಂತ ನಾವೇ ಹುಡುಕಬೇಕು” ಎಂದೆ.

ಹುಡುಕಲು ಕರ್ನಲ್‌ನಲ್ಲೇ ಒಂದು ಸಾಧನವಿದೆ. 2016ರ 4.6 ಆವೃತ್ತಿಯಲ್ಲಿ ಜೂನ್‌ಸೂ ಕಿಮ್ ಸೇರಿಸಿದ್ದು. ಅವರಿಗೂ ಬೇರೆ ಕಡೆ ಇದೇ ಕಷ್ಟ ಬಂದಿತ್ತು. ಪುಟವನ್ನು ಜಾಗ ಬದಲಿಸಹೊರಟರೆ ಎಣಿಕೆ ತಾಳೆಯಾಗದು, ಹಿಡಿದವರ ಗುರುತು ಸಿಗದು. ಹಾಗಾಗಿ ಎಣಿಕೆ ಏರುವ, ಇಳಿಯುವ ಪ್ರತಿ ಜಾಗದಲ್ಲೂ ಒಂದು ಕಿವಿ ಇಟ್ಟರು. ಕರ್ನಲ್ ಕಟ್ಟುವಾಗ ಈ ಆಯ್ಕೆ ಹಾಕಿಕೊಂಡರೆ ಕೋಡ್ ಸುಮಾರು 30 ಕೆಬಿ ದಪ್ಪವಾಗುತ್ತದೆ. ಚಾಲೂ ಮಾಡಿದ ಮೇಲೆ ಒಂದೊಂದು ಸಲ ಎಣಿಕೆ ಬದಲಾದಾಗಲೂ ಒಂದು ಸಾಲು ಬರುತ್ತದೆ: ಪುಟದ ಸಂಖ್ಯೆ, ಅದರ ಗುರುತುಗಳು, ಆಗಿನ ಎಣಿಕೆ, ಎಷ್ಟು ಕೋಷ್ಟಕದಲ್ಲಿದೆ, ಎಷ್ಟು ಕೂಡಿತು ಅಥವಾ ಕಳೆಯಿತು. ಯಾವ ಪ್ರೋಗ್ರಾಮು ನಡೆಯುತ್ತಿದ್ದಾಗ ಬದಲಾಯಿತು ಎಂಬುದೂ ಸಾಲಿನ ಮೊದಲಿಗೆ ಇರುತ್ತದೆ. ನಾವಿಬ್ಬರೂ ಕೂತು ಆ ಸಾಲುಗಳನ್ನು ಒಂದು ಪುಟದ ಸಂಖ್ಯೆಗೆ ಸೋಸಿದೆವು. ಕೂಡಿಸಿದ ಸಾಲು, ಅದಕ್ಕೆ ಜೋಡಿಯಾಗಿ ಕಳೆದ ಸಾಲು, ಕೂಡಿಸಿದ್ದು, ಕಳೆದದ್ದು. ಜೋಡಿ ಸಿಗದೆ ಉಳಿದ ಸಾಲಿನ ಮೊದಲಿಗೆ ‘ಕೆಎಸ್‌ಎಂಡಿ’ ಎಂದಿತ್ತು. ಪುಟಗಳನ್ನು ಒಂದು ಮಾಡುತ್ತ ಓಡಾಡುವ ಕೆಎಸ್‌ಎಂನ ಕೆಲಸಗಾರನೇ ಆ ಪುಟವನ್ನು ಹೋಲಿಸಿ ನೋಡಲು ಎತ್ತಿಕೊಂಡಿದ್ದ. ನೋಡಿದ ಮೇಲೆ ಇಟ್ಟುಬಿಟ್ಟ, ಎಣಿಕೆ ತಾಳೆಯಾಯಿತು. ಹುಡುಗನ ಮುಖದಲ್ಲಿ ಆಗ ಕಂಡ ಸಂತೋಷಕ್ಕಾಗಿಯೇ ನಾನು ಈ ಪಾಠ ಮಾಡುವುದು.

ಹೊಸ ಕೆಲಸ ಈಗ ಬೇರೆ ದಿಕ್ಕಿಗೆ ಹೊರಟಿದೆ. 2024ರ ಮಾರ್ಚ್‌ನ 6.8 ಆವೃತ್ತಿಯಲ್ಲಿ ಬಂದ ಗೆಸ್ಟ್-ಮೆಮ್‌ಎಫ್‌ಡಿ ಎಂಬ ವ್ಯವಸ್ಥೆಯಲ್ಲಿ ಗೆಸ್ಟಿನ ಖಾಸಗಿ ಪುಟಗಳು ಹೋಸ್ಟಿನ ಯಾವ ಪ್ರೋಗ್ರಾಮಿನ ಕೋಷ್ಟಕಕ್ಕೂ ಸೇರುವುದಿಲ್ಲ. ಗೆಸ್ಟಿಗೆಂದೇ ತೆಗೆದಿಟ್ಟ ಪುಟಗಳು ಅವು. ಆದರೆ ಅದೇ ಪುಟವನ್ನು ಜಾಗ ಬದಲಿಸದೆ, ಈಗ ಹಂಚಿಕೊಂಡದ್ದು, ಆಮೇಲೆ ಖಾಸಗಿ ಎಂದು ಬದಲಾಯಿಸಬೇಕೆಂಬ ಬೇಡಿಕೆ ಬಂದಿದೆ. ಖಾಸಗಿ ಮಾಡುವ ಮುಂಚೆ ಹೋಸ್ಟಿನ ಕಡೆ ಯಾರೂ ಹಿಡಿದಿಲ್ಲ ಎಂದು ಖಾತ್ರಿಯಾಗಬೇಕು. ಖಾತ್ರಿ ಮಾಡಿಕೊಳ್ಳಲು ಇರುವುದು ಅದೇ ಎಣಿಕೆ. ಎಣಿಕೆ ಒಂದು ಹೆಚ್ಚಿದ್ದರೆ ಅದು ನಿಜವಾಗಿ ಓದುತ್ತಿರುವವರದ್ದೋ, ನಮ್ಮ ಲ್ಯಾಬಿನ ಕೆಎಸ್‌ಎಂಡಿಯ ಹಾಗೆ ಒಂದು ಗಳಿಗೆ ಎತ್ತಿ ನೋಡಿ ಇಡುವವರದ್ದೋ ತಿಳಿಯದು. ತಿಳಿಯದಿದ್ದರೆ ಬದಲಾವಣೆ ಮಾಡದೆ ‘ಆಮೇಲೆ ಬಾ’ ಎಂದು ಕಳಿಸಬೇಕು. ಎಷ್ಟು ಸಲ ಕಳಿಸಬಹುದು, ಗೆಸ್ಟ್ ಎಷ್ಟು ಹೊತ್ತು ಕಾಯಬಹುದು ಎಂಬುದರ ಮೇಲೆ ಕರ್ನಲ್ ಬರೆಯುವವರ ನಡುವೆ ಚರ್ಚೆ ನಡೆದಿದೆ. ಆ ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಿದ್ದಾನೆ.